ಹಳೇ ಸೂರು ಉಳಿಸಿ ಒಳಗೆಲ್ಲ ಹೊಸದು: ಸಿಯಾಟಲ್ ಕ್ರೀಡಾಂಗಣದಿಂದ ತುಮಕೂರಿನ ಹಾಲ್‌ಗೆ ಏನು ಸಿಗುತ್ತದೆ?

ಪ್ರಶ್ನೆ: ನಾನು ತುಮಕೂರಿನ ಒಂದು ವಿದ್ಯಾಸಂಸ್ಥೆಯಲ್ಲಿ ಪಿಟಿ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮಗಳು ಅಮೆರಿಕದ ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿಗೆ ಹೋಗಿದ್ದಾಗ ಊರಿನ ದೊಡ್ಡ ಒಳಾಂಗಣ ಕ್ರೀಡಾಂಗಣ ತೋರಿಸಿದಳು. ಒಳಗೆ ಎಲ್ಲವೂ ಹೊಚ್ಚ ಹೊಸದು. ಆದರೆ ಸೂರು ಮಾತ್ರ 1962ರದ್ದು ಅಂದಳು. ಇಲ್ಲಿ ನಮ್ಮ ಸಂಸ್ಥೆಯ ಒಳಾಂಗಣ ಹಾಲ್‌ಗೆ ಅದರ ಅರ್ಧ ವಯಸ್ಸೂ ಆಗಿಲ್ಲ. ಆಗಲೇ ಸೋರುತ್ತದೆ, ಮರದ ನೆಲ ಉಬ್ಬಿದೆ, ಮೈಕಿನಲ್ಲಿ ಮಾತಾಡಿದರೆ ಒಂದಕ್ಷರ ತಿಳಿಯುವುದಿಲ್ಲ. ಶಟಲ್, ಕಬಡ್ಡಿ, ಶಾಲಾ ವಾರ್ಷಿಕೋತ್ಸವ, ವಸ್ತುಪ್ರದರ್ಶನ ಎಲ್ಲವೂ ಅಲ್ಲೇ ನಡೆಯುತ್ತವೆ. ಕೆಡವಿ ಹೊಸದು ಕಟ್ಟೋಣ ಎಂದು ಸಮಿತಿಯವರು ಹೇಳುತ್ತಿದ್ದಾರೆ. ಸಿಯಾಟಲ್‌ನವರು ಹೇಗೆ ಉಳಿಸಿಕೊಂಡರು? ನಮ್ಮದನ್ನೂ ಉಳಿಸಬಹುದಾ?

ಉತ್ತರ: ಮೇಷ್ಟ್ರೇ, ನಿಮ್ಮ ಮಗಳು ಹೇಳಿದ್ದು ನಿಜ. ಈಗ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಎಂದು ಕರೆಯುವ ಆ ಕ್ರೀಡಾಂಗಣದ ಸೂರು 1962ರದ್ದೇ. ನಿಮ್ಮ ಹಾಲನ್ನೂ ಉಳಿಸಿಕೊಳ್ಳುವ ಸಾಧ್ಯತೆ ಜಾಸ್ತಿ ಇದೆ ಅನ್ನಿಸುತ್ತದೆ. ಆದರೆ ಸಿಯಾಟಲ್‌ನಲ್ಲಿ ರಿಪೇರಿ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಎರಡು ಸಲ ಮಾಡಬೇಕಾಯಿತು. ಮೊದಲನೆಯದು ಯಾಕೆ ಸಾಲಲಿಲ್ಲ ಅನ್ನುವುದರಲ್ಲೇ ನಿಮ್ಮ ಸಮಿತಿಗೆ ಬೇಕಾದ ಉತ್ತರ ಇದೆ. ಹಾಗಾಗಿ ಆ ಕಥೆಯನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ.

1962ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಿಯಾಟಲ್‌ನಲ್ಲಿ ವಿಶ್ವಮೇಳ ನಡೆಯಿತು. ಊರಿನ ಗುರುತಾಗಿರುವ ಸ್ಪೇಸ್ ನೀಡಲ್ ಗೋಪುರ ಕಟ್ಟಿದ್ದೂ ಅದಕ್ಕೇ. ಅದೇ ಮೈದಾನದಲ್ಲಿ ವಾಷಿಂಗ್ಟನ್ ರಾಜ್ಯದ ಮಂಟಪವಾಗಿ ಈ ಕಟ್ಟಡ ಎದ್ದಿತು. ವಾಸ್ತುಶಿಲ್ಪಿ ಪಾಲ್ ಥೈರಿ. ಮೇಳದ ಸಮಯದಲ್ಲಿ ಒಳಗೆ ಆಟ ಇರಲಿಲ್ಲ, ನಾಳಿನ ಜಗತ್ತು ಹೇಗಿರುತ್ತದೆ ಅನ್ನುವ ಪ್ರದರ್ಶನ ಇತ್ತು. ಗುಳ್ಳೆಯ ಹಾಗಿದ್ದ ಗಾಜಿನ ಲಿಫ್ಟಿನಲ್ಲಿ ಜನ ಮೇಲೆ ಹೋಗುತ್ತಿದ್ದರು. ಮೇಳ ಮುಗಿದ ಮೇಲೆ ಕಟ್ಟಡ ಊರಿನ ಕೈಗೆ ಬಂತು. ಅದನ್ನು ಕ್ರೀಡಾಂಗಣ ಮಾಡಿಕೊಂಡು ಕೊಲಿಸಿಯಂ ಎಂದು ಕರೆದರು. 1964ರಲ್ಲಿ ಬೀಟಲ್ಸ್ ತಂಡ ಹಾಡಿದ್ದು ಅಲ್ಲೇ. 1967ರಿಂದ ಸೂಪರ್‌ಸಾನಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅದೇ ಮನೆಯಾಯಿತು.

ಆ ಸೂರಿನ ಆಕಾರ ನೀವು ನೋಡಿದ್ದೀರಿ. ನಾಲ್ಕು ಬದಿಯಲ್ಲಿ ನಾಲ್ಕು ದೈತ್ಯ ಕಾಂಕ್ರೀಟ್ ಆಸರೆಗಳು. ಅವುಗಳ ನಡುವೆ ಉಕ್ಕಿನ ತೊಲೆಗಳು. ಒಳಗೆ ಒಂದೂ ಕಂಬವಿಲ್ಲ. ನನ್ನ ಕಣ್ಣಿಗೆ ಅದು ಇಪ್ಪತ್ತನೇ ಶತಮಾನದ ಒಳ್ಳೆಯ ಸೂರುಗಳಲ್ಲಿ ಒಂದು.

ಒಳ್ಳೆಯ ಸೂರು ಅಂದ ಮಾತ್ರಕ್ಕೆ ಸೋರುವುದಿಲ್ಲ ಅಂತಲ್ಲ. 1986ರ ಜನವರಿ 5ರಂದು ಅಲ್ಲಿ ಫೀನಿಕ್ಸ್ ತಂಡದ ವಿರುದ್ಧ ಪಂದ್ಯ ನಡೆಯುತ್ತಿತ್ತು. ಹೊರಗೆ ಮಳೆ. ಸೂರಿನಿಂದ ನೀರು ಆಟದ ನೆಲಕ್ಕೆ ತೊಟ್ಟಿಕ್ಕತೊಡಗಿತು. ಹುಡುಗರು ಟವೆಲ್ ಹಿಡಿದು ಒರೆಸಿದ್ದೇ ಒರೆಸಿದ್ದು. ಆಟಗಾರರು ಜಾರಿದರು. ಕೊನೆಗೆ ಅಂಪೈರ್ ಎರಡನೇ ಕ್ವಾರ್ಟರ್‌ನಲ್ಲೇ ಆಟ ನಿಲ್ಲಿಸಿದರು. ಉಳಿದ ಆಟ ಮರುದಿನ ನಡೆಯಿತು. ಒಳಾಂಗಣದ ಪಂದ್ಯ ಮಳೆಗೆ ನಿಂತುಹೋಯಿತು! ನಿಮ್ಮ ಹಾಲ್ ಸೋರುತ್ತದೆ ಎಂದು ನಾಚಿಕೊಳ್ಳಬೇಕಾಗಿಲ್ಲ. ಜಗತ್ತಿನ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗಿನಲ್ಲೇ ಹೀಗಾಗಿದೆ.

ಇನ್ನು ಮೊದಲನೇ ರಿಪೇರಿಗೆ ಬರೋಣ. 1994-95ರಲ್ಲಿ ಸುಮಾರು 7.5 ಕೋಟಿ ಡಾಲರ್ ಖರ್ಚು ಮಾಡಿ ಒಳಗಿನದ್ದನ್ನೆಲ್ಲ ಕಿತ್ತರು. ಸೂರಿನ ಆಕಾರ, ಮುಖ್ಯ ತೊಲೆಗಳನ್ನು ಉಳಿಸಿದರು. ಆಟದ ನೆಲವನ್ನು ರಸ್ತೆ ಮಟ್ಟದಿಂದ 35 ಅಡಿ ಕೆಳಗಿಳಿಸಿ, ಹಾಗೆ ಸಿಕ್ಕ ಎತ್ತರದಲ್ಲಿ ಜಾಸ್ತಿ ಸೀಟು ಕೂರಿಸಿದರು. ಆ ಒಂದು ಸೀಸನ್ ತಂಡ ಪಕ್ಕದ ಟಕೋಮಾ ಊರಿಗೆ ಹೋಗಿ ಆಡಿತು. 1995ರಲ್ಲಿ ಕೀ ಅರೀನಾ ಎಂಬ ಹೊಸ ಹೆಸರಲ್ಲಿ ಬಾಗಿಲು ತೆರೆಯಿತು. ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಬಹಳ ಚೆನ್ನಾಗಿತ್ತು.

ಆದರೆ ಐಸ್ ಹಾಕಿಯನ್ನು ಮರೆತಿದ್ದರು. ಬ್ಯಾಸ್ಕೆಟ್‌ಬಾಲ್ ಅಂಗಳದ ಉದ್ದ 94 ಅಡಿ, ಅಗಲ 50 ಅಡಿ. ಐಸ್ ಹಾಕಿಯ ಅಂಗಳ 200 ಅಡಿ ಉದ್ದ, 85 ಅಡಿ ಅಗಲ. ಚಿಕ್ಕದಕ್ಕೆ ಅಳತೆ ಹಿಡಿದು ಸೀಟು ಹಾಕಿದ ಮೇಲೆ ದೊಡ್ಡದನ್ನು ತುರುಕುವುದು ಹೇಗೆ? ಐಸ್ ಹಾಸಿದರೆ ಅಂಗಳ ಒಂದು ಬದಿಗೆ ಸರಿಯುತ್ತಿತ್ತು. ಮೇಲೆ ತೂಗುವ ಸ್ಕೋರ್‌ಬೋರ್ಡು ನಡುಮಧ್ಯಕ್ಕೆ ಬರುತ್ತಲೇ ಇರಲಿಲ್ಲ. ಎಷ್ಟೋ ಸೀಟುಗಳಿಂದ ಆಟ ಪೂರ್ತಿ ಕಾಣುತ್ತಿರಲಿಲ್ಲ. 2008ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಕ್ರೀಡಾಂಗಣದ ಜಗಳದಲ್ಲೇ ಒಕ್ಲಹೋಮ ಸಿಟಿಗೆ ಹೊರಟುಹೋಯಿತು. ಮರುವರ್ಷ ಊರಿನ ಕಿರಿಯರ ಹಾಕಿ ತಂಡವೂ ಪಕ್ಕದ ಕೆಂಟ್ ಊರಿಗೆ ಹೋಯಿತು. ಕೋಟಿಗಟ್ಟಲೆ ಸುರಿದು ಹದಿನಾಲ್ಕು ವರ್ಷವೂ ಆಗಿರಲಿಲ್ಲ. ಮುಖ್ಯ ತಂಡ ಎಂದು ಉಳಿದದ್ದು ಸ್ಟಾರ್ಮ್ ಎಂಬ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ.

ಗಮನಿಸಿ, ಅಲ್ಲಿ ಸೂರು ಮೋಸ ಮಾಡಲಿಲ್ಲ. ಕೆಲಸ ಕಳಪೆಯೂ ಆಗಿರಲಿಲ್ಲ. ಈ ಜಾಗದಲ್ಲಿ ಏನೇನು ನಡೆಯಬೇಕು ಎಂಬ ಪಟ್ಟಿಯೇ ಅರ್ಧಂಬರ್ಧವಾಗಿತ್ತು.

ಆಮೇಲೆ ಬೇರೆ ಕಡೆ ಹೊಸ ಕ್ರೀಡಾಂಗಣ ಕಟ್ಟುವ ಮಾತು ವರ್ಷಗಟ್ಟಲೆ ನಡೆಯಿತು. 2016ರಲ್ಲಿ ಅದಕ್ಕಾಗಿ ಒಂದು ರಸ್ತೆ ಬಿಟ್ಟುಕೊಡುವ ಪ್ರಸ್ತಾಪ ನಗರಸಭೆಯಲ್ಲಿ 5-4 ಮತಗಳಿಂದ ಬಿದ್ದುಹೋಯಿತು. 2017ರಲ್ಲಿ ಹಳೇ ಕಟ್ಟಡದ ಸೂರಿಗೆ, ಹೊರನೋಟಕ್ಕೆ ಪಾರಂಪರಿಕ ರಕ್ಷಣೆ ಸಿಕ್ಕಿತು. ಅಂದರೆ ಕೆಡವುವ ಹಾಗಿಲ್ಲ, ಎತ್ತರಿಸುವ ಹಾಗೂ ಇಲ್ಲ. ಉಳಿದ ದಾರಿ ಒಂದೇ, ಇನ್ನೂ ಕೆಳಗೆ ಇಳಿಯುವುದು.

2018ರ ಡಿಸೆಂಬರ್‌ನಲ್ಲಿ ಕೆಲಸ ಶುರುವಾಯಿತು. ಆ ಸೂರಿನ ತೂಕ ಸುಮಾರು 20,000 ಟನ್. ಅದನ್ನು ತಾತ್ಕಾಲಿಕ ಉಕ್ಕಿನ ಕಂಬಗಳ ಮೇಲೆ ಹೊರಿಸಿ, ಅದರಡಿಯಲ್ಲೇ ಯಂತ್ರ ಇಳಿಸಿ ಅಗೆದರು. ಕೆಳಗಿನಿಂದ ಹೊಸ ಪಾಯ, ಹೊಸ ಕಂಬ, ಹೊಸ ಮೆಟ್ಟಿಲು ಸಾಲು ಕಟ್ಟಿಕೊಂಡು ಮೇಲೆ ಬಂದರು. ಭಾರವನ್ನು ಹೊಸ ಕಂಬಗಳಿಗೆ ದಾಟಿಸಿದ ಮೇಲೆ ತಾತ್ಕಾಲಿಕ ಉಕ್ಕು ತೆಗೆದರು. ನನ್ನಂಥ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಅದರ ಫೋಟೋ ನೋಡಿದರೇ ಎದೆ ಝಲ್ ಎನ್ನುತ್ತದೆ. ಅಗೆಯುವಾಗ ಮಣ್ಣು ಕೊಂಚ ಕುಸಿದರೂ ಮೇಲಿನ ಆಸರೆಗಳು ಒಂದೊಂದು ಒಂದೊಂದು ಪ್ರಮಾಣದಲ್ಲಿ ಇಳಿಯುತ್ತವೆ. ಅಷ್ಟು ಭಾರದ ಸೂರು ಅಂಥ ಏರುಪೇರನ್ನು ಸಹಿಸುವುದಿಲ್ಲ. ಅದಕ್ಕೇ ಇಂಥ ಕೆಲಸದಲ್ಲಿ ಕೆಳಗೆ ಅಗೆತ ನಡೆಯುತ್ತಿರುವಷ್ಟು ಕಾಲವೂ ಮೇಲಿನ ಅಲುಗಾಟವನ್ನು ಅಳೆಯುತ್ತಲೇ ಇರಬೇಕು.

ಕಟ್ಟಡದ ವಿಸ್ತೀರ್ಣ ಹೆಚ್ಚುಕಮ್ಮಿ ಎರಡರಷ್ಟಾಗಿ 8 ಲಕ್ಷ ಚದರಡಿ ಮುಟ್ಟಿತು. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಬೆಳೆದದ್ದೆಲ್ಲ ನೆಲದೊಳಗೆ. ಸಂಗೀತ ಕಾರ್ಯಕ್ರಮದ ಲಾರಿಗಳು ಸುರಂಗದಲ್ಲಿ ಇಳಿದು ಬರುತ್ತವೆ. ಈ ಸಲ ಅಳತೆ ಹಿಡಿದದ್ದು ಐಸ್ ಹಾಕಿಯ ಅಂಗಳಕ್ಕೆ. ಬ್ಯಾಸ್ಕೆಟ್‌ಬಾಲ್ ಅದರೊಳಗೆ ತಾನಾಗಿ ಕೂತಿತು. 2020ರಲ್ಲಿ ಹೆಸರಿನ ಹಕ್ಕು ಕೊಂಡ ಅಮೆಜಾನ್ ಕಂಪನಿ ಕ್ಲೈಮೇಟ್ ಪ್ಲೆಡ್ಜ್ ಅರೀನಾ ಎಂದು ಹೆಸರಿಟ್ಟಿತು. 2021ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಅದೇ ತಿಂಗಳ 23ರಂದು ಕ್ರಾಕನ್ ಹಾಕಿ ತಂಡ ತನ್ನ ಮೊದಲ ತವರು ಪಂದ್ಯ ಆಡಿತು. ನನಗೆ ಬಹಳ ಇಷ್ಟವಾದ ಸಂಗತಿ ಇನ್ನೊಂದಿದೆ. ಒಂದು ಕಾಲಕ್ಕೆ ಆಟ ನಿಲ್ಲಿಸಿದ ಅದೇ ಸೂರಿನ ಮಳೆನೀರನ್ನು ಈಗ ತೊಟ್ಟಿಯಲ್ಲಿ ಹಿಡಿದು, ಅಂಗಳದ ಐಸ್ ಮಾಡಲು ಬಳಸುತ್ತಾರೆ.

ಈಗ ತುಮಕೂರಿಗೆ ಬರೋಣ. ಅಲ್ಲಿಯ ಹಾಗೆ ನೆಲ ಅಗೆಯುವುದು ನಮಗೆ ಬೇಡವೇ ಬೇಡ. ಅವರಿಗೆ ಹಣ ಇತ್ತು, ಕಾನೂನಿನ ಕಟ್ಟೂ ಇತ್ತು. ನಮ್ಮಲ್ಲಿ ಎಷ್ಟೋ ಕಡೆ ಸ್ವಲ್ಪ ಅಗೆದರೆ ಬಂಡೆ ಸಿಗುತ್ತದೆ. ತಗ್ಗು ಮಾಡಿದರೆ ಮಳೆಗಾಲದಲ್ಲಿ ನೀರು ಹೊರಹಾಕಲು ವರ್ಷವಿಡೀ ಪಂಪ್ ಕಾಯಬೇಕು. ಅವರಿಂದ ಕಲಿಯಬೇಕಾದ್ದು ಎರಡೇ. ಕಂಬವಿಲ್ಲದ ಅಗಲವಾದ ಸೂರನ್ನು ಸುಲಭವಾಗಿ ಕಳೆದುಕೊಳ್ಳಬಾರದು. ಮತ್ತೆ, ಕೈಹಾಕುವ ಮೊದಲು ಆಟಗಳ ಪಟ್ಟಿ ಪೂರ್ತಿ ಆಗಿರಬೇಕು.

ಪಟ್ಟಿಯಿಂದಲೇ ಶುರು ಮಾಡಿ. ಸಮಿತಿಯ ಮುಂದಿನ ಸಭೆಯಲ್ಲಿ "ಕೆಡವೋಣವಾ, ಉಳಿಸೋಣವಾ" ಎಂಬ ಮಾತನ್ನು ಸ್ವಲ್ಪ ಬದಿಗಿಡಿ. ಈ ಹಾಲಿನಲ್ಲಿ ಮುಂದಿನ ಇಪ್ಪತ್ತು ವರ್ಷ ಏನೇನು ನಡೆಯಬೇಕು ಎಂದು ಕೇಳಿ. ಕಬಡ್ಡಿ ಮ್ಯಾಟಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ಶಟಲ್ ಕೋರ್ಟು 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ವಾಲಿಬಾಲ್‌ಗೆ 18ಕ್ಕೆ 9, ಬ್ಯಾಸ್ಕೆಟ್‌ಬಾಲ್‌ಗೆ 28ಕ್ಕೆ 15. ಎಲ್ಲಕ್ಕಿಂತ ದೊಡ್ಡದು ಹ್ಯಾಂಡ್‌ಬಾಲ್, 40ಕ್ಕೆ 20. ಆ ಅಳತೆಯ ನೆಲದ ಸುತ್ತ ಸ್ವಲ್ಪ ಜಾಗ ಸಿಕ್ಕರೆ ಉಳಿದ ಆಟವೆಲ್ಲ ಅದರೊಳಗೇ ಬರುತ್ತವೆ, ನಾಲ್ಕು ಶಟಲ್ ಕೋರ್ಟು ಆರಾಮಾಗಿ ಕೂರುತ್ತವೆ.

ಎತ್ತರದ ವಿಷಯದಲ್ಲಿ ಶಟಲ್ ಕಠಿಣ. ಅಂತರರಾಷ್ಟ್ರೀಯ ದೊಡ್ಡ ಟೂರ್ನಿಗೆ ನೆಲದಿಂದ 12 ಮೀಟರ್ ತೆರವು ಬೇಕು. ನಿಮಗೆ ಅಷ್ಟು ಬೇಡ, ಸರಿ. ಆದರೆ ಜಿಲ್ಲಾ ಮಟ್ಟದ ಆಟಕ್ಕೂ ಟ್ರಸ್ಸಿನ (ಸೂರು ಹೊರುವ ಉಕ್ಕಿನ ಚೌಕಟ್ಟಿನ) ಕೆಳಗೆ ನೇತುಹಾಕಿದ ಫ್ಯಾನು, ದೀಪ, ಬ್ಯಾನರು ಅಡ್ಡ ಬರಬಾರದು. ಇನ್ನು ಗಾಳಿ. ಶಟಲ್ ಕಾಕ್‌ನ ತೂಕ ಐದು ಗ್ರಾಂ ಆಸುಪಾಸು. ಎದುರುಬದುರು ಕಿಟಕಿ ತೆರೆದರೆ ಸಾಕು, ಹೊಡೆದದ್ದು ಒಂದು ಕಡೆ, ಬೀಳುವುದು ಇನ್ನೊಂದು ಕಡೆ. ಇದನ್ನು ನಿಮಗೆ ನಾನು ಹೇಳಬೇಕಿಲ್ಲ. ಹಾಗಂತ ಏಪ್ರಿಲ್ ತಿಂಗಳಲ್ಲಿ ಎಲ್ಲ ಮುಚ್ಚಿ ತಗಡಿನ ಕೆಳಗೆ ಮಕ್ಕಳನ್ನು ಆಡಿಸೋಕೂ ಆಗಲ್ಲ. ದಾರಿ ಇದೆ. ಬಿಸಿಗಾಳಿ ಮೇಲೇರುತ್ತದೆ, ಅದನ್ನು ಸೂರಿನ ನೆತ್ತಿಯಲ್ಲೇ ಹೊರಬಿಡಬೇಕು. ಕೆಳಗಿನಿಂದ ಗಾಳಿ ಬರುವ ಜಾಗಕ್ಕೆ ಅಡ್ಡಹಲಗೆ ಕೊಟ್ಟು ಕೋರ್ಟಿನ ಮೇಲೆ ನೇರ ಬೀಸದ ಹಾಗೆ ಮಾಡಬೇಕು. ತಗಡಿನ ಕೆಳಗೆ ಶಾಖ ತಡೆಯುವ ಪದರ, ಮೇಲೆ ಬಿಳಿ ಬಣ್ಣ. ಇಷ್ಟು ಮಾಡಿದರೆ ಏಸಿಯ ಮಾತೇ ಬೇಕಾಗದಿರಬಹುದು. ದೀಪಗಳನ್ನು ಕೋರ್ಟಿನ ನೆತ್ತಿಗೆ ಹಾಕಬೇಡಿ, ಬದಿಗೆ ಹಾಕಿ. ಮೇಲೆ ನೋಡಿ ಸ್ಮ್ಯಾಶ್ ಹೊಡೆಯುವ ಹುಡುಗಿಯ ಕಣ್ಣಿಗೆ ಬೆಳಕು ಕುಕ್ಕಬಾರದು.

ಈಗ ಸೂರು. ಸೋರುವುದು ಬೇರೆ, ಸೂರು ದುರ್ಬಲವಾಗುವುದು ಬೇರೆ. ಈ ಎರಡನ್ನು ಕಲಸಿಕೊಂಡೇ ನಮ್ಮಲ್ಲಿ ಎಷ್ಟೋ ಗಟ್ಟಿ ಕಟ್ಟಡಗಳನ್ನು ಕೆಡವುತ್ತಾರೆ. ತಗಡಿನ ಹಾಲುಗಳಲ್ಲಿ ನೀರು ಸಾಮಾನ್ಯವಾಗಿ ಬರುವುದು ಸ್ಕ್ರೂ ತೂತುಗಳ ಒಣಗಿದ ರಬ್ಬರ್ ವಾಷರಿನಿಂದ, ತಗಡುಗಳ ಜೋಡಣೆಯಿಂದ, ಕಸ ಕಟ್ಟಿಕೊಂಡ ಗಟರ್‌ನಿಂದ. ಇವೆಲ್ಲ ಹೊರಮೈಯ ಕೆಲಸ. ತಗಡು ಬದಲಾಯಿಸಿ, ಗಟರ್ ಅಗಲ ಮಾಡಿ, ಮಳೆನೀರಿನ ಪೈಪು ಹೆಚ್ಚಿಸಿದರೆ ಮುಗಿಯಿತು. ಆದರೆ ಆ ನೀರು ವರ್ಷಗಟ್ಟಲೆ ಟ್ರಸ್ಸಿನ ಗಂಟುಗಳಿಗೆ ಇಳಿದು ತುಕ್ಕು ಹಿಡಿಸಿದ್ದರೆ ಲೆಕ್ಕ ಬೇರೆ. ಅದನ್ನು ಕೆಳಗೆ ನಿಂತು ನೋಡಿ ಹೇಳಲಾಗದು. ಅಟ್ಟಣಿಗೆ ಕಟ್ಟಿ ಹತ್ತಬೇಕು. ಅಲ್ಟ್ರಾಸೋನಿಕ್ ಉಪಕರಣದಿಂದ ಟ್ರಸ್ಸಿನ ಪೈಪಿನ ದಪ್ಪ ಎಷ್ಟು ಉಳಿದಿದೆ ಎಂದು ಅಳೆಯಬೇಕು. ಬೋಲ್ಟುಗಳನ್ನು, ಬೆಸುಗೆಗಳನ್ನು ಮುಟ್ಟಿ ನೋಡಬೇಕು. ಕಾಂಕ್ರೀಟ್ ಕಂಬಗಳಲ್ಲಿ ಸಣ್ಣ ತೂತು ಕೊರೆದು ಫಿನಾಲ್ಫ್ತಲೀನ್ ಎಂಬ ರಾಸಾಯನಿಕ ಸಿಂಪಡಿಸಿದರೆ ಒಳಗಿನ ಸ್ಥಿತಿ ತಿಳಿಯುತ್ತದೆ. ಗುಲಾಬಿ ಬಣ್ಣ ಬಂದ ಕಡೆ ಕಾಂಕ್ರೀಟ್ ಇನ್ನೂ ಕಬ್ಬಿಣವನ್ನು ಕಾಯುತ್ತಿದೆ. ಬಣ್ಣ ಬಾರದ ಭಾಗ ಕಬ್ಬಿಣದವರೆಗೂ ತಲುಪಿದ್ದರೆ ಎಚ್ಚರವಾಗಬೇಕು.

ನಮ್ಮ ಕಡೆ ಹಗುರ ತಗಡಿನ ಸೂರಿಗೆ ದೊಡ್ಡ ಶತ್ರು ಗಾಳಿ. ಏಪ್ರಿಲ್-ಮೇ ತಿಂಗಳಲ್ಲಿ ಆಲಿಕಲ್ಲು ಮಳೆಯ ಜೊತೆ ಬರುವ ಬಿರುಗಾಳಿ ತಗಡನ್ನು ಕೆಳಕ್ಕೆ ಒತ್ತುವುದಿಲ್ಲ, ಮೇಲಕ್ಕೆ ಕೀಳುತ್ತದೆ. ಹಾಗಾಗಿ ಟ್ರಸ್ ಕಂಬಕ್ಕೆ ಕೂತಿರುವ ಜಾಗದ ಬೋಲ್ಟು ಹೇಗಿದೆ ಎಂದು ಮೊದಲು ನೋಡಿಸಿ.

ಅಮೆರಿಕದ ಎರಡು ಸೂರುಗಳ ಕಥೆ ನಿಮ್ಮ ಸಮಿತಿಗೆ ತಿಳಿದಿರಬೇಕು. 1978ರ ಜನವರಿ 18ರ ಬೆಳಗಿನ ಜಾವ ಹಾರ್ಟ್‌ಫರ್ಡ್ ನಗರದ ಒಳಾಂಗಣ ಕ್ರೀಡಾಂಗಣದ ಸೂರು ಹಿಮದ ಭಾರಕ್ಕೆ ಕುಸಿಯಿತು. ಕೆಲವೇ ಗಂಟೆ ಮೊದಲು ಅಲ್ಲಿ ಸುಮಾರು 5,000 ಜನ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದರು. ಸೂರಿನ ಸ್ವಂತ ತೂಕವನ್ನೇ ಕಡಿಮೆ ಲೆಕ್ಕ ಹಾಕಿದ್ದರು. ಒತ್ತಡ ಹೊರುವ ಸರಳುಗಳಿಗೆ ನಡುವೆ ಸಾಕಷ್ಟು ಕಟ್ಟು ಕೊಟ್ಟಿರಲಿಲ್ಲ. ಮರುವರ್ಷ ಜೂನ್ 4ರಂದು ಕ್ಯಾನ್ಸಸ್ ಸಿಟಿಯ ಕೆಂಪರ್ ಅರೀನಾ ಸೂರು ಜೋರು ಮಳೆಯಲ್ಲಿ ಬಿತ್ತು. ಅಲ್ಲಿ ಚಾವಣಿಯ ಮೇಲೆ ನೀರು ನಿಂತು ಭಾರವಾಗಿತ್ತು, ದಣಿದ ಬೋಲ್ಟುಗಳು ತುಂಡಾದವು. ಎರಡೂ ಕಡೆ ಯಾರೂ ಸಾಯಲಿಲ್ಲ. ಹಿಮ ನಮ್ಮಲ್ಲಿಲ್ಲ. ಆದರೆ ನವೀಕರಣದ ಹೆಸರಲ್ಲಿ ಹಳೇ ಟ್ರಸ್ಸಿಗೆ ಏಸಿ ಪೈಪು, ಎಲ್‌ಇಡಿ ಪರದೆ, ಫಾಲ್ಸ್ ಸೀಲಿಂಗ್, ಸೌಂಡ್ ಬಾಕ್ಸು ಒಂದೊಂದಾಗಿ ನೇತುಹಾಕುತ್ತಾ ಹೋಗುತ್ತೇವಲ್ಲ, ಆ ತೂಕವನ್ನು ಯಾರು ಕೂಡುತ್ತಾರೆ? ಇದು ನನ್ನನ್ನು ನಿಜಕ್ಕೂ ಕಾಡುವ ಪ್ರಶ್ನೆ. ಲೆಕ್ಕ ಮಾಡಿ ಸಹಿ ಹಾಕಿದ ಕಾಗದ ಇಲ್ಲದೆ ಒಂದು ಕೊಕ್ಕೆಯನ್ನೂ ಹೊಸದಾಗಿ ಹಾಕಿಸಬೇಡಿ.

ಕೆಂಪರ್ ಸೂರನ್ನು ಮತ್ತೆ ಕಟ್ಟಿದರು. ಮುಂದೆ ದೊಡ್ಡ ತಂಡಗಳು ಬರುವುದು ನಿಂತ ಮೇಲೆ, 2018ರಲ್ಲಿ ಅದರ ಹೊಟ್ಟೆಯೊಳಗೆ ಇನ್ನೊಂದು ಅಂತಸ್ತು ಹಾಕಿ ಊರಿನ ಮಕ್ಕಳು ಆಡುವ ಅಂಗಳಗಳನ್ನಾಗಿ ಮಾಡಿದರು. ಸಾವಿರಾರು ಸೀಟು ಬೇಡ, ಆಡುವ ಜಾಗ ಬೇಕು ಎಂದು ತೀರ್ಮಾನಿಸಿದರು. ನಿಮ್ಮ ಸಂಸ್ಥೆಗೂ ಇದೇ ಸರಿ ಎಂದು ನನಗನ್ನಿಸುತ್ತದೆ. ದೊಡ್ಡ ಟೂರ್ನಿ ನೋಡಬೇಕಾದರೆ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣ ಎಷ್ಟು ದೂರ? ರೈಲು ಹತ್ತಿದರೆ ಮುಗಿಯಿತು. ನಿಮ್ಮ ಹಾಲಿನಲ್ಲಿ ಪ್ರೇಕ್ಷಕರ ಸೀಟಿಗಿಂತ ದಿನಾ ಬೆಳಿಗ್ಗೆ ಆಡುವ ಮಕ್ಕಳಿಗೆ ದುಡ್ಡು ಹೋಗಲಿ.

ಮೈಕಿನ ಸಮಸ್ಯೆಗೆ ಹೊಸ ಸ್ಪೀಕರ್ ತಂದರೆ ಗದ್ದಲ ಜಾಸ್ತಿ ಆಗುತ್ತದೆ, ಅಷ್ಟೇ. ಗಾರೆ ಗೋಡೆ, ತಗಡು, ಗಟ್ಟಿ ನೆಲ ಮೂರೂ ಸದ್ದನ್ನು ವಾಪಸು ಎಸೆಯುತ್ತವೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ 1871ರಲ್ಲಿ ತೆರೆದಾಗಿನಿಂದ ಪ್ರತಿಧ್ವನಿಯ ಕಾಟ ಅನುಭವಿಸಿತು. 1969ರಲ್ಲಿ ಸೂರಿನಿಂದ ಅಣಬೆಯಂಥ 135 ಫೈಬರ್‌ಗ್ಲಾಸ್ ತಟ್ಟೆಗಳನ್ನು ತೂಗುಹಾಕಿದ ಮೇಲೆ ಬಹಳ ಸುಧಾರಿಸಿತು. ನಿಮಗೆ ಅಷ್ಟೆಲ್ಲ ಬೇಡ. ತಗಡಿನ ಕೆಳಗೆ ಶಾಖಕ್ಕೆಂದು ಹಾಕುವ ಪದರವನ್ನೇ ಸದ್ದು ಹೀರುವಂಥದ್ದು ಆರಿಸಿ. ಚೆಂಡು ತಾಗದ ಎತ್ತರದಲ್ಲಿ ಎರಡು ಗೋಡೆಗೆ ಸದ್ದು ಹೀರುವ ಹಲಗೆ ಹಾಕಿ. ಹಾಲಿನ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಮರದ ನೆಲ ಉಬ್ಬಲು ಮೇಲಿನಿಂದ ಬಿದ್ದ ನೀರು ಒಂದು ಕಾರಣ, ಕೆಳಗಿನ ತೇವ ಇನ್ನೊಂದು. ಹಲಗೆ ಕಿತ್ತಾಗ ಕೆಳಗಿನ ಕಾಂಕ್ರೀಟ್ ಒದ್ದೆ ಇದ್ದರೆ ತೇವ ತಡೆಯುವ ಹಾಳೆ ಹಾಸದೆ ಹೊಸ ಮರ ಹಾಕಬೇಡಿ. ಗೋಡೆಯ ಅಂಚಿನಲ್ಲಿ ಮರ ಹಿಗ್ಗಲು ಸಂದು ಬಿಡಿಸಿ. ಸೂರಿನ ಕೆಲಸ ಮುಗಿದು ಒಂದು ಮಳೆಗಾಲ ಕಳೆಯುವ ಮೊದಲು ನೆಲಕ್ಕೆ ಕೈ ಹಾಕಲೇಬೇಡಿ. ಗುತ್ತಿಗೆದಾರರು ಎರಡನ್ನೂ ಒಟ್ಟಿಗೆ ಮುಗಿಸುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ. ವಾರ್ಷಿಕೋತ್ಸವ, ವಸ್ತುಪ್ರದರ್ಶನ ಬಂದಾಗ ನೆಲದ ಮೇಲೆ ಹೊದಿಸಲು ಗಟ್ಟಿ ಹಾಸು ಬೇಕು, ಅದನ್ನು ಇಡಲು ಪಕ್ಕದಲ್ಲೊಂದು ಕೋಣೆಯೂ ಬೇಕು. ಕೋಣೆ ಇಲ್ಲದ ಕಡೆ ಹಾಸು ಮಳೆಯಲ್ಲಿ ನೆನೆದು ಹಾಳಾಗಿ, ಸ್ಟೇಜಿನ ಕಬ್ಬಿಣದ ಕಾಲು ನೇರ ಮರದ ಮೇಲೆ ನಿಲ್ಲುತ್ತದೆ.

ಹಾಗಾದರೆ ಕೆಡವುವುದು ಯಾವಾಗ? ತಪಾಸಣೆಯಲ್ಲಿ ಟ್ರಸ್ಸಿನ ಮುಖ್ಯ ಪೈಪುಗಳೇ ಸವೆದಿದ್ದರೆ, ಕಂಬದ ಕಬ್ಬಿಣ ಉಬ್ಬಿ ಕಾಂಕ್ರೀಟ್ ಒಡೆದಿದ್ದರೆ, ಪಾಯ ಇಳಿದಿದ್ದರೆ, ಆಗ ಹಟ ಬೇಡ. ಎತ್ತರ ಸಾಲದೆ ನಿಮ್ಮ ಪಟ್ಟಿಯ ಮುಖ್ಯ ಆಟವೇ ಆಡಲಾಗದಿದ್ದರೂ ಅಷ್ಟೇ. ಇವು ಯಾವುದೂ ಇಲ್ಲದಿದ್ದರೆ ಉಳಿಸಿ. ತಪಾಸಣೆ ಮಾಡುವವರು ಮುಂದೆ ಕಟ್ಟುವ ಗುತ್ತಿಗೆದಾರರ ಕಡೆಯವರಾಗಿರಬಾರದು. ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದವರನ್ನು ಕೇಳಿ ನೋಡಿ, ಇಂಥ ಪರೀಕ್ಷೆ ಮಾಡಿಕೊಡುವವರು ಸಿಗುತ್ತಾರೆ.

ತುಮಕೂರಿನಲ್ಲಿ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಜೋರು. ಆ ಮಳೆ ಬರುವಾಗ ಹಾಲಿನೊಳಗೆ ನಿಂತು ಎಲ್ಲೆಲ್ಲಿ ತೊಟ್ಟಿಕ್ಕುತ್ತದೆ ಎಂದು ನೆಲದ ನಕ್ಷೆಯ ಮೇಲೆ ಗುರುತು ಹಾಕಿಸಿ. ನಿಮ್ಮ ಹಳೇ ವಿದ್ಯಾರ್ಥಿಗಳು ಖುಷಿಯಿಂದ ಮಾಡುತ್ತಾರೆ. ಆ ನಕ್ಷೆ, ಟ್ರಸ್ಸಿನ ಕೆಳಗಿನ ಎತ್ತರ, ತಪಾಸಣೆಯ ವರದಿ ಕೈಗೆ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ನೆಲಕ್ಕೆ ಮರವೋ ಸಿಂಥೆಟಿಕ್ಕೋ ಎಂಬುದನ್ನು ಆಗ ನೋಡೋಣ.